ತೊಳೆದು ಒಣಗಿಸಿದ ಮೂರು ಚೀಲ

ಶುಂಠಿಗೆ ಕೊಳೆ ಬಿತ್ತು ಅಂದರೆ ಅದು ಯಾರಿಗೂ ಕಾಯೋದಿಲ್ಲ. ಇವತ್ತು ಒಂದು ಮೂಲೆಯಲ್ಲಿ ಎಲೆ ಹಳದಿ ಕಂಡರೆ ಹತ್ತು ದಿನದಲ್ಲಿ ಅರ್ಧ ಹೊಲ ಹೋಯಿತು ಅಂತಲೇ ತಿಳಿಯಬೇಕು. ಹೋದ ಮಳೆಗಾಲದಲ್ಲಿ ನಮ್ಮ ಹೊಲದ ತಗ್ಗಿನ ಕಡೆ ಹಳದಿ ಕಂಡಿತು. ಮಗ ಬಂದು, ಅವ್ವ, ಬಲಿಯೋವರೆಗೂ ಬಿಡೋ ಹಂಗಿಲ್ಲ, ಈ ವಾರದಲ್ಲೇ ಕೀಳಿಸಿಬಿಡಬೇಕು, ಆಳಿಗೆ ಹೇಳು ಅಂದ.

ಆಳಿಗೆ ಹೇಳೋದು ನಮ್ಮ ಮನೆಯಲ್ಲಿ ನನ್ನ ಕೆಲಸ. ಕಾಲೋನಿಯ ಒಬ್ಬಳಿಗೆ ಒಂದು ಮಾತು ಹೇಳಿಕಳಿಸಿದರೆ ಸಾಕು, ಬೆಳಗ್ಗೆ ಹತ್ತು ಹನ್ನೆರಡು ಹೆಂಗಸರನ್ನು ಹಿಂದೆ ಹಾಕಿಕೊಂಡು ಬರುತ್ತಿದ್ದಳು. ಅವಳಿಗೆ ನನ್ನ ವಯಸ್ಸೇ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ಕಾಲೋನಿಗೆ ಮದುವೆಯಾಗಿ ಬಂದಿದ್ದು. ಆ ವಾರವೂ ಹೇಳಿಕಳಿಸಿದೆ, ಬಂದರು. ಎರಡು ದಿನ ಕಿತ್ತರು. ಮೂರನೇ ದಿನ ಒಬ್ಬರೂ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನೋದಕ್ಕೆ ಪ್ಲಾಸ್ಟಿಕ್ ಲೋಟದ ವಿಷಯ ಹೇಳಬೇಕು.

ನನ್ನ ತವರು ಮಲ್ಲಿಪಟ್ಟಣದ ಕಡೆ. ಹಳೇಕೋಟೆ ಕಡೆಗೆ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಆಳುಗಳಿಗೆ ಕಾಫಿ ಕೊಡುತ್ತಿದ್ದದ್ದು ತೆಂಗಿನ ಕರಟದಲ್ಲಿ. ಮೇಲಿನಿಂದ ಎತ್ತಿ ಹುಯ್ಯಬೇಕು, ನಮ್ಮ ಪಾತ್ರೆ ಕರಟಕ್ಕೆ ತಾಗಬಾರದು. ತವರಲ್ಲೂ ಹಂಗೇ ಇದ್ದದ್ದರಿಂದ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಮೇಲೆ ಕರಟ ಹೋಗಿ ಅಲ್ಯೂಮಿನಿಯಂ ಲೋಟ ಬಂತು. ಅವನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ ಇಟ್ಟಿರುತ್ತಿದ್ದರು. ಆಳುಗಳು ತಾವೇ ತೆಗೆದುಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗಬೇಕು. ನಮ್ಮತ್ತೆ ಮಾಡಿದ ಕ್ರಮ ಅದು. ನಾನು ಸರಿಯೋ ತಪ್ಪೋ ಕೇಳಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಕೇಳೋದು ಅಭ್ಯಾಸ ಇರಲಿಲ್ಲ. ಇದು ನೆಪ ಅಂತ ಸೊಸೆ ಅನ್ನುತ್ತಾಳೆ. ಇರಬಹುದು.

ಕಾಲೋನಿಯ ಮಕ್ಕಳು ಓದಿಕೊಂಡವು. ಒಂದು ವರ್ಷ ನಾಟಿ ಸಮಯದಲ್ಲಿ, ಸೂರಿನ ಲೋಟದಲ್ಲಿ ಇನ್ನು ಯಾರೂ ಕುಡಿಯೋದಿಲ್ಲ ಅಂತ ಮಾತು ಬಂತು. ಊರಿನ ಯಜಮಾನರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಹೊಳೆನರಸೀಪುರದ ಅಂಗಡಿಗಳಲ್ಲಿ ಬಿಳೀ ಪ್ಲಾಸ್ಟಿಕ್ ಲೋಟ ಬಂದವು. ಒಂದರೊಳಗೆ ಒಂದು ಕೂರಿಸಿ, ಮೊಳದುದ್ದ ಕವರಿನಲ್ಲಿ ತೂಗುಹಾಕಿರುತ್ತಿದ್ದರು. ನಮ್ಮ ಯಜಮಾನರು ಸಂತೆಯಿಂದ ನಾಲ್ಕು ಕಟ್ಟು ತಂದು ಅಡುಗೆಮನೆಯ ಬಾಗಿಲಿಗೆ ಇಟ್ಟರು, ಏನೂ ಹೇಳಲಿಲ್ಲ. ಹೇಳೋ ಅಗತ್ಯವೂ ಇರಲಿಲ್ಲ. ಮದುವೆ ಮನೆಯಲ್ಲಿ ನೆಂಟರೂ ಅದರಲ್ಲೇ ಕುಡಿಯುತ್ತಾರೆ, ಆಳುಗಳೂ ಅದರಲ್ಲೇ ಕುಡಿದರೆ ಯಾರು ಏನು ಅನ್ನೋದಕ್ಕಾಗುತ್ತದೆ? ಕುಡಿದು ಬಿಸಾಕಿದರೆ ಮುಗಿಯಿತು. ಅವರು ತೊಳೆಯೋ ಹಂಗಿಲ್ಲ, ನಾವು ಎಂಜಲು ಮುಟ್ಟೋ ಹಂಗಿಲ್ಲ. ಅವರೂ ಸುಮ್ಮನಾದರು, ನಾವೂ ಸುಮ್ಮನಾದೆವು. ಮನೆಯವರು ಮಾತ್ರ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆವು. ಅದು ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ನಾನು ತಿಳಿದಿದ್ದೆ.

ಕುಡಿದ ಲೋಟ ನೀರೊಲೆಗೆ ಹೋಗುತ್ತಿತ್ತು. ಕುಡಿದವರೇ ಬಚ್ಚಲುಮನೆಯ ಹೊರಗಿನ ಸಿಪ್ಪೆ ಬುಟ್ಟಿಗೆ ಹಾಕಿ ಹೋಗುತ್ತಿದ್ದರು. ಮಳೆಗಾಲದಲ್ಲಿ ತೆಂಗಿನ ಸಿಪ್ಪೆ ತೇವ ಹಿಡಿದು ಹತ್ತೋದಿಲ್ಲ. ನಾಲ್ಕು ಲೋಟ ಕೋಲಿನಲ್ಲಿ ಒಳಗೆ ದಬ್ಬಿ ಕಡ್ಡಿ ಗೀರಿದರೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಸೀಮೆಎಣ್ಣೆ ನಿಂತ ಮೇಲೆ ನಮ್ಮೂರಿನ ಅರ್ಧ ಮನೆಗಳ ಹಂಡೆ ನೀರು ಕಾದದ್ದು ಲೋಟ ಮತ್ತು ಹಾಲಿನ ಕವರಿನಿಂದಲೇ. ಕಸವೂ ಹೋಯಿತು, ಸ್ನಾನವೂ ಆಯಿತು ಅಂತ ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡಿದ್ದೆವು. ಕಪ್ಪು ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಹೋಗದೆ ಉಳಿದದ್ದು ನಮ್ಮ ಮೂಗಿಗೆ.

ಮೊಮ್ಮಗಳಿಗೆ ಉಬ್ಬಸ ಹಿಡಿಯಿತು. ಹಾಸನದ ಡಾಕ್ಟರು ಔಷಧಿ ಬರೆದು, ಮನೆಯಲ್ಲಿ ಏನು ಸುಡುತ್ತೀರಿ ಅಂತ ಕೇಳಿದರಂತೆ. ಸೊಸೆ ಬಾಗೂರಿನ ಕಡೆಯವಳು, ಡಿಗ್ರಿ ಮಾಡಿದವಳು, ಹೊಳೆನರಸೀಪುರದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮನೆಗೆ ಬಂದವಳು ನನ್ನ ಜೊತೆ ಜಗಳ ಆಡಲಿಲ್ಲ. ಮಾರನೇ ವಾರ ಮಾಳಿಗೆ ಮೇಲೆ ಸೋಲಾರ್ ಕೂರಿಸಿದಳು, ನೀರೊಲೆಯ ಬಾಯಿಗೆ ಇಟ್ಟಿಗೆ ಇಡಿಸಿ ಸಿಮೆಂಟು ಮೆತ್ತಿಸಿದಳು. ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆ.

ಒಲೆ ಮುಚ್ಚಿತು, ಲೋಟ ನಿಲ್ಲಲಿಲ್ಲ. ಗೊಬ್ಬರದ ಖಾಲಿ ಚೀಲಕ್ಕೆ ತುಂಬಿಸಿ ಬಚ್ಚಲ ಹಿಂದೆ ಇಡಿಸತೊಡಗಿದೆ. ಒಂದು ಚೀಲ ತುಂಬಿತು, ಎರಡಾಯಿತು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತವೆ, ದನ ಬಾಯಿ ಹಾಕುತ್ತದೆ. ನಾಲೆಗೆ ಸುರಿದರೆ ಕೆಳಗಿನವರ ತೂಬಿಗೆ ಸಿಕ್ಕಿಕೊಂಡು ಅವರು ಕೋಲು ಹಿಡಿದು ಬರುತ್ತಾರೆ. ಹೂಳೋಣ ಅಂದರೆ ಮೊದಲ ಮಳೆಗೇ ಮಣ್ಣಿನಿಂದ ಹಲ್ಲು ಕಿರಿಯುತ್ತವೆ. ಇವು ಬ್ಯಾನ್ ಆಗಿವೆ ಅಂತ ಸೊಸೆ ಹೇಳುತ್ತಾಳೆ. ಸಂತೆಯಲ್ಲಿ ಕೇಳಿದಷ್ಟು ಸಿಗುತ್ತವೆ. ಶುಂಠಿ ಕೀಳೋಕೆ ಶುರುಮಾಡಿದ ಮೇಲೆ ದಿನಕ್ಕೆ ಎರಡು ಹೊತ್ತು, ಹನ್ನೆರಡು ಜನ. ಮೂರನೇ ಚೀಲವೂ ತುಂಬಿತು. ತಳದಲ್ಲಿ ಹಾಲು ಹುಳಿತು ಇರುವೆ ಮುತ್ತಿ, ಆ ಕಡೆ ಗಾಳಿ ಬೀಸಿದರೆ ಊಟ ಸೇರುತ್ತಿರಲಿಲ್ಲ.

ಪಂಚಾಯಿತಿಯ ಕಸದ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ, ಹಾಡು ಹಾಕಿಕೊಂಡು. ಓಡಿಸೋಳು ನಾನು ಹೇಳಿದ ಆ ಕಾಲೋನಿ ಹೆಂಗಸಿನ ಸೊಸೆ. ಮೇಲೊಂದು ಕೋಟು, ಕೈಗೆ ಗ್ಲೌಸು. ಅತ್ತೆ ನನ್ನನ್ನು ಅಮ್ಮಾರೆ ಅನ್ನುತ್ತಾಳೆ, ಸೊಸೆ ಅಜ್ಜಿ ಅನ್ನುತ್ತಾಳೆ. ಅಜ್ಜಿ ಅನ್ನೋದರಲ್ಲಿ ತಪ್ಪೇನಿಲ್ಲ, ಆದರೂ ಆ ವ್ಯತ್ಯಾಸ ನನ್ನ ಕಿವಿಗೆ ಬಿದ್ದಿತ್ತು.

ಶುಂಠಿ ಕೀಳೋ ಎರಡನೇ ದಿನ ಗಾಡಿ ಬಂತು. ಮೂರು ಚೀಲವನ್ನೂ ಗೇಟಿನ ಹತ್ತಿರ ಎಳೆಸಿಟ್ಟಿದ್ದೆ. ಅವಳು ಇಳಿದು ಒಂದು ಚೀಲದ ಬಾಯಿ ಬಿಚ್ಚಿ, ಮುಖ ಹಿಂದಕ್ಕೆ ತೆಗೆದಳು. ಆಮೇಲೆ ಸಮಾಧಾನವಾಗಿ ಹೇಳಿದಳು. ಎಣ್ಣೆ ಕವರು, ಶಾಂಪೂ ಡಬ್ಬ, ಒಡೆದ ಬಕೆಟ್ಟು ಎಲ್ಲ ತಗೊಳ್ಳುತ್ತೀನಿ, ಲೋಟವನ್ನೂ ತಗೊಳ್ಳುತ್ತೀನಿ, ಆದರೆ ತೊಳೆದು ಒಣಗಿಸಿ ಕೊಡಬೇಕು. ಕಸದ ಶೆಡ್ಡಿನಲ್ಲಿ ನಾವು ಕೈಯಲ್ಲಿ ಬೇರೆ ಮಾಡೋದು. ಹಾಲು ಮೆತ್ತಿದ ಲೋಟ ಒಂದು ಸೇರಿದರೆ ಇಡೀ ಮೂಟೆ ನಾರುತ್ತದೆ, ಹಾಸನದಿಂದ ಕೊಳ್ಳೋಕೆ ಬರೋರು ಹಂಗೇ ವಾಪಸು ಹಾಕುತ್ತಾರೆ.

ಯಾರು ತೊಳೆಯೋದು ಅಂತ ಕೇಳಿದೆ. ಮನೆಯವರು ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಮಂಡಿ ನೋವು, ಮಳೆ ಮೋಡ, ಹೊಲದಲ್ಲಿ ಶುಂಠಿ, ಮೂಗಿಗೆ ಆ ವಾಸನೆ. ಬಾಯಿಗೆ ಬಂದದ್ದು ಅಂದೆ.

"ಇವೆಲ್ಲ ನಿಮ್ಮತ್ತೆ, ನಿಮ್ಮೋರು ಕುಡ್ದಿರೋದು ಕಣಮ್ಮಿ. ನಿಮ್ ಎಂಜ್ಲು ನಾನ್ಯಾಕೆ ತೊಳೀಲಿ? ತಗೊಂಡೋಗಿ ನಿಮ್ಮನೇಲೇ ತೊಳ್ಕಳಿ."

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಚೀಲದೊಳಕ್ಕೆ ಮತ್ತೊಂದು ಸಲ ನೋಡಿದಳು, ಎರಡನೇ ಚೀಲವನ್ನೂ ಬಿಚ್ಚಿ ನೋಡಿದಳು.

"ನಿಮ್ಮ ಮನೆಯೋರು ಕುಡ್ದಿರೋದು ಇದ್ರಲ್ಲಿ ಒಂದೂ ಇಲ್ವಾ ಅಜ್ಜಿ?"

ಅವಳು ಚೀಲದ ಬಾಯಿ ಕಟ್ಟಿ, ಗೋಡೆಗೆ ಒರಗಿಸಿ, ಹಾಡು ಹಾಕಿಕೊಂಡು ಹೋದಳು. ಯಾರ ಮನೆಯಲ್ಲಿ ಕೋಳಿ ಕುಯ್ದರು, ಯಾರು ಮಾತ್ರೆ ನುಂಗುತ್ತಾರೆ, ಯಾರು ಗುಟ್ಟಾಗಿ ಕುಡಿಯುತ್ತಾರೆ, ಎಲ್ಲ ಕಸದವರಿಗೆ ಗೊತ್ತಿರುತ್ತದೆ. ನಮ್ಮ ಮನೆಯ ಸ್ಟೀಲ್ ಲೋಟದ ವಿಷಯ ಅವಳಿಗೆ ಗೊತ್ತಾಗಿದ್ದು ಅವತ್ತಲ್ಲ. ಅವತ್ತು ಗೊತ್ತಾಗಿದ್ದು ನನಗೆ.

ಮಾರನೇ ದಿನ ಹೊಲಕ್ಕೆ ಯಾರೂ ಬರಲಿಲ್ಲ. ಜಗಳ ಇಲ್ಲ, ಮಾತಿಲ್ಲ. ಹೇಳಿಕಳಿಸಿ ಕೇಳಿದರೆ ಒಬ್ಬಳಿಗೆ ಜ್ವರ, ಒಬ್ಬಳು ಅರಕಲಗೂಡಿಗೆ ಮಗಳ ಮನೆಗೆ ಹೋಗಿದ್ದಾಳೆ, ಒಬ್ಬಳಿಗೆ ಸಂಘದ ಮೀಟಿಂಗು. ಹನ್ನೆರಡು ಜನಕ್ಕೂ ಒಂದೇ ದಿನ ಕಾರಣ ಹುಟ್ಟಿತ್ತು. ಮಗ ಬೈಕು ಹತ್ತಿ ಸುತ್ತಿದ. ಮಲ್ಲಿಪಟ್ಟಣದ ಕಡೆ ನನ್ನ ತವರಿನವರಿಗೂ ಫೋನು ಮಾಡಿದ. ಎಲ್ಲರ ಶುಂಠಿಗೂ ಕೊಳೆ ಬಿದ್ದಿತ್ತು, ಎಲ್ಲರಿಗೂ ಆಳು ಬೇಕಿತ್ತು, ಎಲ್ಲಿಂದ ಬರಬೇಕು? ಸಂಜೆ ಬಂದು ಹಳದಿ ನಾಲ್ಕು ಸಾಲು ಮುಂದಕ್ಕೆ ಬಂದಿದೆ ಅಂದ. ಅಷ್ಟು ಹೊತ್ತಿಗೆ ಗೇಟಿನ ಮಾತು ಅವನ ಕಿವಿಗೂ ಬಿದ್ದಿತ್ತು.

"ಏನವ್ವ, ಬಾಯಿ ಸುಮ್ಕಿರಾಕಾಗಲ್ವಾ ನಿಂಗೆ? ವಸಿ ದಿನ ತಡ್ಕೊಂಡಿದ್ರೆ ಏನ್ ಓಯ್ತಿತ್ತು?"

ಲೋಟದ ವಿಷಯ ಅವನು ಎತ್ತಲಿಲ್ಲ, ಬಾಯಿಯ ವಿಷಯ ಮಾತ್ರ ಎತ್ತಿದ. ಶುಂಠಿ ಕಿತ್ತು ಮುಗಿದ ಮೇಲೆ ನಾನು ಏನು ಬೇಕಾದರೂ ಅನ್ನಬಹುದಿತ್ತು ಅಂತ ಅದರ ಅರ್ಥ.

ನನ್ನ ಸೊಸೆ ಹೇಳಿದ್ದು ಬೇರೆ. ಅತ್ತೆ, ಸ್ಟೀಲ್ ಲೋಟದಲ್ಲೇ ಎಲ್ಲರಿಗೂ ಕೊಟ್ಟುಬಿಡಿ, ಚೀಲವೂ ಇರಲ್ಲ, ತೊಳೆಯೋ ಪಂಚಾಯಿತಿಯೂ ಇರಲ್ಲ. ಹೇಳೋಕೆ ಸುಲಭ. ಅವಳು ಒಂಬತ್ತು ಗಂಟೆ ಬಸ್ಸು ಹತ್ತಿ ಹೋಗುತ್ತಾಳೆ. ಮನೆಯಲ್ಲಿ ಇರೋಳು ನಾನು. ಪಕ್ಕದ ಮನೆಯಲ್ಲಿ ನನ್ನ ವಾರಗಿತ್ತಿ, ಇಡೀ ದಿನ ಮಾಳಿಗೆ ಮೇಲೆ ನಿಂತು ನಮ್ಮ ಅಂಗಳ ನೋಡೋದೇ ಅವಳ ಕೆಲಸ. ಆಳುಗಳಿಗೆ ಮನೆ ಲೋಟ ಕೊಟ್ಟರೆ ನಾಳೆ ದೇವರ ಕಾರ್ಯಕ್ಕೆ ನಮ್ಮ ಮನೆಗೆ ಯಾರು ಬರುತ್ತಾರೆ, ಬಂದವರು ನೀರು ಮುಟ್ಟುತ್ತಾರೋ ಇಲ್ಲವೋ, ಅದನ್ನೆಲ್ಲ ಅನುಭವಿಸೋಳು ನಾನು. ಇದು ಸರಿಯಾದ ಕಾರಣ ಅಂತ ನಾನು ಹೇಳುತ್ತಿಲ್ಲ. ಇದ್ದ ಕಾರಣ ಹೇಳುತ್ತಿದ್ದೀನಿ.

ಅಡಕತ್ತರಿಗೆ ಸಿಕ್ಕಿದ ಅಡಕೆಯ ಹಾಗಾಯಿತು. ಸುಡೋ ಹಂಗಿಲ್ಲ, ಎಸೆಯೋ ಹಂಗಿಲ್ಲ, ಹೂಳೋ ಹಂಗಿಲ್ಲ. ಗಾಡಿಗೆ ಕೊಡಬೇಕಾದರೆ ತೊಳೆಯಬೇಕು. ಯಾರ ಎಂಜಲು ತೊಳೆಯಬಾರದು ಅಂತ ಆ ಲೋಟ ತಂದೆವೋ ಅದನ್ನೇ ಕೂತು ತೊಳೆಯಬೇಕು. ಮಂಡಿ ನೋವಿನಿಂದ ನಾನು ಗೇಟು ದಾಟಿ ಹೋಗೋದು ವರ್ಷಕ್ಕೆ ನಾಲ್ಕು ಸಲ. ಅಡುಗೆಮನೆ, ಜಗಲಿ, ಬಚ್ಚಲು, ಇಷ್ಟೇ ನನ್ನ ಊರು. ಇಷ್ಟರೊಳಗೆ ಎಲ್ಲಿ ಕೂತರೂ ಆ ಮೂರು ಚೀಲ ಕಾಣುತ್ತಿದ್ದವು, ಕಾಣದಿದ್ದರೆ ನಾರುತ್ತಿದ್ದವು.

ಆಳು ನಿಂತ ಮೂರನೇ ದಿನ ಹತ್ತು ಗಂಟೆ ಹೊತ್ತಿಗೆ ಅವಳೇ ಬಂದಳು, ಕಾಲೋನಿಯ ನನ್ನ ಓರಗೆಯವಳು. ಕೊಟ್ಟಿಗೆಯ ಮುಂದೆ ಯಾವಾಗಲೂ ಕೂರೋ ಕಡೆ ಕೂತು, ಎಲೆ ಅಡಕೆ ಚೀಲ ಬಿಚ್ಚಿದಳು. ಸ್ವಲ್ಪ ಹೊತ್ತು ಮಳೆ, ಮೊಮ್ಮಗಳ ಉಬ್ಬಸ ಅಂತ ಮಾತಾಡಿದೆವು. ಆಮೇಲೆ ಅವಳೇ ನಕ್ಕಳು.

"ನಮ್ ಎಂಜ್ಲ ಮೂಟೆ ಕಟ್ಟಿ ನಮ್ಮಟ್ಟಿಗೇ ಕಳ್ಸಾಕೆ ಒಂಟಿದ್ರಂತೆ ಅಮ್ಮಾರು."

"ನಿನ್ ಸೊಸೆಗೆ ಬಾಯಿ ಉದ್ದ ಕಣಮ್ಮಿ," ಅಂದೆ.

"ಬಾಯಿಲ್ದೆ ಗಾಡಿ ಓಡ್ಸಾಕಾದದಾ? ಪೋಂ ಪೋಂ ಅನ್ನಾಕೆ ಆರನ್ನೂ ಬೇಕು, ಬಾಯೂ ಬೇಕು."

ನನಗೂ ನಗು ಬಂತು. ನಕ್ಕರೆ ಮುಗಿಯಿತು, ನಾಳೆ ಬರುತ್ತಾರೆ ಅಂದುಕೊಂಡೆ. ಅವಳು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದಳು.

"ನಾಳೀಕೆ ಬತ್ತೀವಿ. ಶುಂಠಿ ಏನ್ ಪಾಪ ಮಾಡ್ತು? ಆದ್ರೆ ಇನ್ಮ್ಯಾಕೆ ಕಾಪಿ ಬ್ಯಾಡಿ ಅಮ್ಮಾರೆ. ಎಲ್ಡೊತ್ತಿನ ಕಾಪಿ ಒತ್ತನ್ನ ಒಟ್ಟಾಕಿ ಸಂಜೀಕೆ ಅಷ್ಟು ಬೇಗ ಬುಟ್ಬುಡಿ, ನಮ್ಮಟ್ಟೀಲೇ ಕುಡ್ಕತೀವಿ. ಆ ಚೀಲ ಮಾತ್ರ ಆಳ ಕೈಲಿ ತೊಳ್ಸಬ್ಯಾಡಿ. ಆ ಮಾತ್ ಅಂದೋರೇ ತೊಳೀಲಿ ಅಂತವ್ಳೆ ನಮ್ ಸೊಸೆ. ನಾನೂ ಊಂ ಅಂದಿವ್ನಿ."

ಸೂರಿನ ಲೋಟ ಬೇಡ ಅಂದಿದ್ದರು, ಕಾಫಿಯೇ ಬೇಡ ಅಂತ ಈ ಮನೆಯಲ್ಲಿ ಯಾವ ಆಳೂ ಅಂದಿರಲಿಲ್ಲ. ಕರಟದಲ್ಲಿ ಕೊಟ್ಟಾಗಲೂ ಅಂದಿರಲಿಲ್ಲ. ನಾನು, ಯಾಕೆ, ನಮ್ಮ ಕಾಫಿ ಚೆನ್ನಾಗಿರಲ್ವಾ ಅಂತ ಕೇಳಿದೆ. ಕೇಳಬಾರದಿತ್ತು. ಅವಳು, ಚೆಂದಾಗೇ ಇರ್ತದೆ ಅಮ್ಮಾರೆ ಅಂದು, ಮಂಡಿ ಹಿಡಿದುಕೊಂಡು ಎದ್ದು ಹೋದಳು. ಅವಳಿಗೂ ಮಂಡಿ ನೋವು.

ಮಗನಿಗೆ ಹೇಳಿದೆ, ನಾಳೆ ಬರುತ್ತಾರಂತೆ, ಕಾಫಿ ಬೇಡವಂತೆ, ಸಂಜೆ ಅರ್ಧ ಗಂಟೆ ಮುಂಚೆ ಬಿಡಬೇಕಂತೆ. ಅವನಿಗೆ ಖುಷಿಯಾಯಿತು. ಹಾಲೂ ಉಳೀತು, ಸಕ್ಕರೇನೂ ಉಳೀತು ಅಂದ. ಚೀಲದ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದ್ದರೆ, ಸುಮ್ಮನೆ ತೊಳೆದು ಹಾಕವ್ವ ಅನ್ನುತ್ತಿದ್ದ. ನೀರು ಸೇದಿ ಕೊಡುತ್ತಲೂ ಇರಲಿಲ್ಲ.

ಅವತ್ತೇ ಮಧ್ಯಾಹ್ನ ತೊಳೆಯೋಕೆ ಕೂತೆ. ವಾರಗಿತ್ತಿ ಊಟ ಮಾಡಿ ಮಲಗೋ ಹೊತ್ತು ನೋಡಿಕೊಂಡೆ. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಮಣೆ ಹಾಕಿ, ದೊಡ್ಡ ಬಾನಿಗೆ ನೀರು ಬಿಟ್ಟು, ಸೋಪಿನ ಪುಡಿ ಹಾಕಿ ಮೊದಲ ಚೀಲ ಕವುಚಿದೆ. ಮೊದಲು ಕೋಲಿನಲ್ಲಿ ಆಡಿಸಿ ನೋಡಿದೆ. ಕೋಲಿಗೆ ಲೋಟದ ತಳ ಹೋಗೋದಿಲ್ಲ. ಕೈಯನ್ನೇ ಹಾಕಬೇಕಾಯಿತು. ಹಾಕಿದೆ. ಆಕಾಶ ಏನೂ ಬೀಳಲಿಲ್ಲ. ವಾಸನೆಗೆ ಎರಡು ಸಲ ವಾಕರಿಕೆ ಬಂತು, ಅದು ಹುಳಿ ಹಾಲಿಗೆ ಬಂದ ವಾಕರಿಕೆ, ಯಾರ ಮನೆ ಹಾಲು ಹುಳಿತರೂ ಬರೋದು.

ತೊಳೆಯುತ್ತಾ ತೊಳೆಯುತ್ತಾ ಯಾವ ಲೋಟ ಯಾರದು ಅಂತ ತಿಳಿಯತೊಡಗಿತು. ಒಬ್ಬಳು ಅಂಚು ಕಚ್ಚುತ್ತಾಳೆ, ಸುತ್ತಲೂ ಹಲ್ಲಿನ ಗುರುತು. ಒಬ್ಬಳದರಲ್ಲಿ ಎಲೆ ಅಡಕೆಯ ಕೆಂಪು. ಒಬ್ಬಳು ಬಿಸ್ಕತ್ತು ಅದ್ದುತ್ತಾಳೆ, ತಳದಲ್ಲಿ ಗಟ್ಟಿ ಮಡ್ಡಿ. ಒಬ್ಬಳು ಕುಡಿದು ಅಂಗೈಯಲ್ಲಿ ಚಪ್ಪಟೆ ಮಾಡಿ ಎಸೆಯುತ್ತಾಳೆ, ಯಾರ ಮೇಲಿನ ಸಿಟ್ಟೋ. ಇಷ್ಟು ವರ್ಷ ಇವರಿಗೆ ಕಾಫಿ ಕೊಟ್ಟಿದ್ದೀನಿ, ಯಾರು ಹೆಂಗೆ ಕುಡಿಯುತ್ತಾರೆ ಅಂತ ನೋಡಿರಲಿಲ್ಲ. ಹುಯ್ದು ಒಳಗೆ ಹೋಗುತ್ತಿದ್ದೆ. ನನಗೆ ಕನಿಕರ ಬಂತು ಅಂದರೆ ಸುಳ್ಳಾಗುತ್ತದೆ. ಸೊಂಟ ನೋಯುತ್ತಿತ್ತು, ಚಪ್ಪಟೆ ಲೋಟ ಬಿಡಿಸೋಕೆ ಆಗದೆ ಅವಳಿಗೆ ಬೈದುಕೊಂಡೆ.

ಎರಡನೇ ಚೀಲದ ಅರ್ಧಕ್ಕೆ ಬಂದಾಗ ಮಾಳಿಗೆಯಿಂದ ವಾರಗಿತ್ತಿಯ ಧ್ವನಿ.

"ಏನಕ್ಕಾ ಅದು, ಆಳಿನ ಲೋಟ ತೊಳೀತಾ ಕೂತಿದ್ದೀಯ?"

ಮನೆಯವರು ಕುಡಿದದ್ದು ಅಂದರೆ ನಂಬುವವಳಲ್ಲ. ಆಳಿನದು ಅಂದರೆ ಸಂಜೆಗೆ ಊರಿಗೆಲ್ಲ ಸುದ್ದಿ. ಪಂಚಾಯಿತಿ ರೂಲ್ಸು ಕಣೆ, ತೊಳೆದು ಕೊಡದಿದ್ದರೆ ಗಾಡಿಯವರು ತಗೊಳ್ಳಲ್ಲ, ನಾಳೆ ನಿಮ್ಮ ಮನೆಗೂ ಬರುತ್ತದೆ ಅಂದೆ. ಅವಳ ಬಾಯಿ ಮುಚ್ಚಿತು. ಅವಳ ಮನೆ ನೀರೊಲೆ ಇನ್ನೂ ಲೋಟದಲ್ಲೇ ಉರಿಯುತ್ತಿತ್ತು. ರೂಲ್ಸು ಅನ್ನೋದು ಒಳ್ಳೆಯ ಕೊಡೆ ಅಂತ ಅವತ್ತು ತಿಳಿಯಿತು, ಅದರ ಕೆಳಗೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ಬಚ್ಚಿಟ್ಟುಕೊಂಡೆ. ಕೈ ಮಾತ್ರ ಬಾನಿಯಲ್ಲೇ ಇತ್ತು.

ಎರಡು ಮಧ್ಯಾಹ್ನ ಹಿಡಿಯಿತು. ಹಪ್ಪಳ ಒಣಗಿಸೋ ಚಾಪೆ ಬಿಟ್ಟು ಹಳೇ ಟಾರ್ಪಾಲು ಹಾಸಿ ಕೊಟ್ಟಿಗೆಯೊಳಗೆ ಒಣಹಾಕಿದೆ. ಹೊಲದಲ್ಲಿ ಹೆಂಗಸರು ಶುಂಠಿ ಕೀಳುತ್ತಿದ್ದರು. ನಾಲ್ಕು ದಿನದಲ್ಲಿ ಮುಗಿಸಿದರು. ತಗ್ಗಿನ ಕಡೆಯ ಹನ್ನೊಂದು ಸಾಲು ಕೊಳೆತು ಹೋಗಿತ್ತು, ಮಿಕ್ಕಿದ್ದು ಕೈಗೆ ಬಂತು. ಅವರು ಹೇಳಿದ ಹಾಗೆ ಸಂಜೆ ಅರ್ಧ ಗಂಟೆ ಮುಂಚೆ ಹೊರಟರು. ಬೆಳಗ್ಗೆ ಹತ್ತು ಗಂಟೆಗೆ ನಾನು ಅಭ್ಯಾಸದ ಮೇಲೆ ದೊಡ್ಡ ಪಾತ್ರೆ ತೆಗೆದು ಮತ್ತೆ ಇಟ್ಟೆ.

ಗಾಡಿ ಬಂದ ದಿನ ಮೂರು ಚೀಲ ಹೊರಗಿಟ್ಟು ಜಗಲಿ ಮೇಲೆ ಕೂತಿದ್ದೆ. ಅವಳು ಬಿಚ್ಚಿ ನೋಡಿ, ಒಂದೊಂದು ಚೀಲಕ್ಕೂ ಮೊಣಕೈವರೆಗೆ ಕೈ ಹಾಕಿ ತಳ ನೋಡಿದಳು. ನನ್ನ ಮೇಲೆ ನಂಬಿಕೆ ಇರಲಿಲ್ಲ, ನಾನಾಗಿದ್ದರೂ ನೋಡುತ್ತಿದ್ದೆ. ಒಂದು ಹಿಡಿ ಲೋಟ ತೆಗೆದು ಹಿಂದಕ್ಕೆ ಇಟ್ಟಳು, ಇವು ಇನ್ನೊಂದು ಸಲ ಆಗಬೇಕು ಅಜ್ಜಿ ಅಂದಳು. ಆಗಲಿ ಅಂದೆ. ಮಿಕ್ಕಿದ್ದನ್ನು ಗಾಡಿಗೆ ಎತ್ತಿಕೊಂಡಳು. ಥ್ಯಾಂಕ್ಸ್ ಅನ್ನಲಿಲ್ಲ. ನಾನು ಅಂದ ಮಾತನ್ನು ವಾಪಸು ತಗೊಳ್ಳುತ್ತೀನಿ ಅಂತ ಹೇಳಬೇಕಿತ್ತೇನೋ. ಬಾಯಿಗೆ ಬರಲಿಲ್ಲ.

ಆಮೇಲೆ ಲೋಟ ತರಿಸಿಲ್ಲ. ತರಿಸಿದರೆ ಕುಡಿಯೋರು ಯಾರು? ರಾಗಿ ಕುಯ್ಲಿಗೆ ಬಂದರು, ಈ ವರ್ಷ ಶುಂಠಿ ನಾಟಿಗೂ ಬಂದರು, ಕೆಲಸ ಚೆನ್ನಾಗಿ ಮಾಡುತ್ತಾರೆ, ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಮಗನಿಗೆ ಯಾವ ತೊಂದರೆಯೂ ಇಲ್ಲ. ಮೊದಲು ಹತ್ತು ಗಂಟೆಗೆ ಕೊಟ್ಟಿಗೆ ಮುಂದೆ ಕಾಲು ಗಂಟೆ ಗದ್ದಲ ಇರುತ್ತಿತ್ತು, ಯಾರ ಮಗಳು ಬಸುರಿ, ಯಾರ ಗಂಡ ಹೊಡೆದ, ಎಲ್ಲ ನನಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಗೇಟು ದಾಟದವಳಿಗೆ ಊರು ಅಂದರೆ ಅದೇ. ಈಗ ಅವರು ಹೊಲಕ್ಕೆ ಹಿಂದಿನ ದಾರಿಯಲ್ಲೇ ಹೋಗಿ ಹಿಂದಿನ ದಾರಿಯಲ್ಲೇ ಬರುತ್ತಾರೆ.

ಆ ನನ್ನ ಓರಗೆಯವಳು ಮಾತ್ರ ಒಂದೊಂದು ದಿನ ಮುಂದಿನ ರಸ್ತೆಯಲ್ಲಿ ಹೋಗುತ್ತಾಳೆ. ಹೋದ ವಾರ ಜಗಲಿಯಿಂದ ಕೂಗಿದೆ, ಬಾರಮ್ಮಿ, ಕಾಫಿ ಕುಡಿದು ಹೋಗು ಅಂತ. ಯಾವ ಲೋಟದಲ್ಲಿ ಅಂತ ನಾನು ಹೇಳಲಿಲ್ಲ. ಅದನ್ನು ನಾನು ಇನ್ನೂ ತೀರ್ಮಾನ ಮಾಡಿರಲಿಲ್ಲ, ಕರೆದಾಗಲೂ ಮಾಡಿರಲಿಲ್ಲ. ಅವಳು ನಿಂತು, ಸೆರಗು ಸರಿಮಾಡಿಕೊಂಡು, ಮೊದಲಿನ ಹಾಗೇ ನಕ್ಕಳು.

"ಈಗ್ತಾನೆ ಕುಡ್ಕೊಂಡೇ ಬಂದೆ ಕಣಮ್ಮಾರೆ."